ಕುರಾನ್ ದೇವವಾಣಿಯೆಂಬುದಕ್ಕೆ ಪುರಾವೆ: ಪ್ರಯೋಗಾಲಯ ಹೇಳುವುದೆಷ್ಟು, ನಂಬಿಕೆಗೆ ಉಳಿಯುವುದೆಷ್ಟು?

2015ರ ಜುಲೈ 22ರಂದು ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಒಂದು ಪ್ರಕಟಣೆ ಹೊರಡಿಸಿತು. ಅಲ್ಲಿನ ಗ್ರಂಥಾಲಯದಲ್ಲಿ ಬೇರೊಂದು ಹಸ್ತಪ್ರತಿಯ ಹಾಳೆಗಳೊಂದಿಗೆ ತಪ್ಪಾಗಿ ಸೇರಿಕೊಂಡಿದ್ದ ಎರಡು ಚರ್ಮದ ಹಾಳೆಗಳು ಜಗತ್ತಿನ ಅತಿ ಹಳೆಯ ಕುರಾನ್ ತುಣುಕುಗಳ ಸಾಲಿಗೆ ಸೇರುತ್ತವೆ ಎಂದು ಅದು ತಿಳಿಸಿತ್ತು. ಆಕ್ಸ್‌ಫರ್ಡ್‌ನಲ್ಲಿ ನಡೆದ ಇಂಗಾಲ ಪರೀಕ್ಷೆಯ ಪ್ರಕಾರ ಆ ಚರ್ಮ ಕ್ರಿ.ಶ. 568ರಿಂದ 645ರ ನಡುವಿನದು. ಈ ಲೆಕ್ಕದ ಖಚಿತತೆ ಶೇ 95.4. ಪ್ರವಾದಿ ಮುಹಮ್ಮದರ ಜೀವಿತಕಾಲ ಸುಮಾರು 570ರಿಂದ 632ರವರೆಗೆ.

ಒಂದೇ ಸುದ್ದಿಯಿಂದ ಎರಡು ತದ್ವಿರುದ್ಧ ತೀರ್ಮಾನಗಳು ಹುಟ್ಟಿದವು. ಕುರಾನ್ ಮೊದಲ ದಿನದಿಂದಲೂ ಬದಲಾಗದೆ ಉಳಿದಿದೆ, ಆದ್ದರಿಂದ ಅದು ದೈವಿಕ ಎಂಬುದು ರುಜುವಾತಾಯಿತು ಎಂದು ಹಲವರು ಸಂಭ್ರಮಿಸಿದರು. ಚರ್ಮ ಪ್ರವಾದಿಯ ಜನನಕ್ಕಿಂತಲೂ ಹಳೆಯದಾಗಿರಬಹುದು, ಹಾಗಾದರೆ ಇದು ಮೊದಲೇ ಇದ್ದ ಪಠ್ಯ ಎಂದು ಮತ್ತೆ ಕೆಲವರು ವಾದಿಸಿದರು. ಈ ಎರಡೂ ವಾದಗಳು ಇವತ್ತಿಗೂ ಆಗಾಗ ಮೊಬೈಲ್‌ಗಳಲ್ಲಿ ಹೊಸ ಸುದ್ದಿಯ ವೇಷದಲ್ಲಿ ಬರುತ್ತಿರುತ್ತವೆ. ಓದುಗರು ಗೊಂದಲಕ್ಕೆ ಬೀಳುವುದು ಸಹಜ. ಆ ಹಾಳೆಗಳು ಎಲ್ಲಿಯವರೆಗೆ ಸಾಕ್ಷಿ ನುಡಿಯಬಲ್ಲವು ಎಂಬುದನ್ನು ಮೊದಲು ನೋಡೋಣ.

ಚರ್ಮದ ವಯಸ್ಸು, ಬರಹದ ವಯಸ್ಸು

ಇಂಗಾಲ ಪರೀಕ್ಷೆ ಲೆಕ್ಕ ಹಾಕುವುದು ಪ್ರಾಣಿ ಸತ್ತ ಕಾಲವನ್ನು. ಕುರಿಯೋ ಮೇಕೆಯೋ ಸತ್ತ ನಂತರ ಅದರ ಚರ್ಮದಲ್ಲಿರುವ ವಿಕಿರಣಶೀಲ ಇಂಗಾಲ ನಿಗದಿತ ವೇಗದಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಎಷ್ಟು ಉಳಿದಿದೆ ಎಂಬುದರಿಂದ ಕಾಲವನ್ನು ಅಂದಾಜು ಮಾಡುತ್ತಾರೆ. ಆ ಚರ್ಮವನ್ನು ಹದಮಾಡಿ ಎಷ್ಟು ವರ್ಷಗಳ ನಂತರ ಅದರ ಮೇಲೆ ಬರೆದರು ಎಂಬುದನ್ನು ಈ ಪರೀಕ್ಷೆ ಹೇಳಲಾರದು. ಬರಹದ ಕಾಲವನ್ನು ಊಹಿಸಬೇಕಾದರೆ ಲಿಪಿಯ ಶೈಲಿ, ಅಧ್ಯಾಯಗಳ ನಡುವಿನ ಗೆರೆ, ಸೂಕ್ತಗಳ ಕೊನೆಯ ಗುರುತುಗಳನ್ನು ನೋಡಬೇಕಾಗುತ್ತದೆ. ಅವುಗಳ ಆಧಾರದ ಮೇಲೆ ಕೆಲವು ಲಿಪಿತಜ್ಞರು ಬರಹವನ್ನು ಇನ್ನಷ್ಟು ಈಚೆಗೆ ತರುತ್ತಾರೆ.

ಹಾಳೆಗಳಲ್ಲಿ ಇರುವುದೇನು? ಒಂದರಲ್ಲಿ ಹದಿನೆಂಟನೆಯ ಅಧ್ಯಾಯದಲ್ಲಿ ಬರುವ, ಗುಹೆಯಲ್ಲಿ ಮಲಗಿದ್ದವರ ಕಥೆಯ ಭಾಗ. ಇನ್ನೊಂದರಲ್ಲಿ ಮರ್ಯಮರ ಹೆಸರಿನ ಹತ್ತೊಂಬತ್ತನೆಯ ಅಧ್ಯಾಯದ ಕೊನೆ ಮತ್ತು ಇಪ್ಪತ್ತನೆಯ ಅಧ್ಯಾಯದ ಆರಂಭ, ಅಂದರೆ ಪ್ರವಾದಿ ಮೂಸಾ (ಮೋಸೆಸ್) ಬೆಂಕಿಯನ್ನು ಕಂಡು ಅದರತ್ತ ಹೋಗುವ ಪ್ರಸಂಗ. ಇಂದು ಮುದ್ರಿತ ಕುರಾನ್‌ನಲ್ಲಿರುವ ಪಠ್ಯಕ್ಕೂ ಇದಕ್ಕೂ ಕಾಗುಣಿತದ ಸಣ್ಣ ವ್ಯತ್ಯಾಸಗಳನ್ನು ಬಿಟ್ಟರೆ ಹೆಚ್ಚಿನ ಅಂತರವಿಲ್ಲ. ಇದು ನಿಜಕ್ಕೂ ದೊಡ್ಡ ಸಂಗತಿ. ಆದರೆ ಏಳನೆಯ ಶತಮಾನದಲ್ಲಿ ಈ ಸಾಲುಗಳು ಬರಹದಲ್ಲಿದ್ದವು ಎಂಬುದರಾಚೆಗೆ ಈ ಎರಡು ಹಾಳೆಗಳು ಏನನ್ನೂ ಸಾಬೀತು ಮಾಡುವುದಿಲ್ಲ.

ಪಠ್ಯದ ಚರಿತ್ರೆ

ಕುರಾನ್ ಗ್ರಂಥರೂಪ ಪಡೆದ ಬಗೆಯನ್ನು ಇಸ್ಲಾಮಿನ ಸಂಪ್ರದಾಯವೇ ವಿವರವಾಗಿ ದಾಖಲಿಸಿದೆ. ಪ್ರವಾದಿಯ ನಿಧನದ ಬೆನ್ನಲ್ಲೇ ನಡೆದ ಯಮಾಮ ಕಾಳಗದಲ್ಲಿ ಕುರಾನನ್ನು ಕಂಠಪಾಠ ಮಾಡಿದ್ದ ಅನೇಕರು ಮಡಿದರು. ಉಳಿದವರೂ ಹೀಗೆ ಹೋದರೆ ಗತಿಯೇನು ಎಂಬ ಆತಂಕದಿಂದ ಪ್ರವಾದಿಯ ಸಂಗಡಿಗ ಉಮರ್ ಸಲಹೆ ನೀಡಿದರು, ಪ್ರವಾದಿಯ ನಂತರ ಸಮುದಾಯದ ಮುಖ್ಯಸ್ಥರಾದ ಮೊದಲ ಖಲೀಫ ಅಬೂಬಕರ್ ಒಪ್ಪಿದರು, ಪ್ರವಾದಿಯ ಲಿಪಿಕಾರರಾಗಿದ್ದ ಝೈದ್ ಬಿನ್ ಸಾಬಿತ್ ಸಂಗ್ರಹದ ಹೊಣೆ ಹೊತ್ತರು. ಪ್ರವಾದಿಯೇ ಮಾಡದ ಕೆಲಸವನ್ನು ನಾವು ಹೇಗೆ ಮಾಡುವುದು ಎಂದು ಝೈದ್ ಮೊದಲು ಹಿಂಜರಿದರೆಂದು ಹದೀಸ್ (ಪ್ರವಾದಿ ಮತ್ತು ಸಂಗಡಿಗರ ನಡೆನುಡಿಯ ವರದಿಗಳು) ಹೇಳುತ್ತದೆ. ಮುಂದೆ, ಸುಮಾರು 650ರ ಹೊತ್ತಿಗೆ, ಬೇರೆ ಬೇರೆ ಸೀಮೆಗಳ ಸೈನಿಕರು ಬೇರೆ ಬೇರೆ ರೀತಿ ಪಠಿಸುತ್ತ ಜಗಳಕ್ಕೆ ಬಿದ್ದಾಗ ಮೂರನೆಯ ಖಲೀಫ ಉಸ್ಮಾನ್ ಒಂದು ಅಧಿಕೃತ ಪ್ರತಿಯನ್ನು ಸಿದ್ಧಪಡಿಸಿ ಪ್ರಮುಖ ನಗರಗಳಿಗೆ ಕಳುಹಿಸಿದರು. ಉಳಿದ ಪ್ರತಿಗಳನ್ನು ಸುಡಿಸಿದರು. ಪ್ರವಾದಿಯ ಸಂಗಡಿಗ ಇಬ್ನ್ ಮಸ್‌ಊದ್ ಅವರ ಪ್ರತಿಯಲ್ಲಿ ಕೆಲವು ಚಿಕ್ಕ ಅಧ್ಯಾಯಗಳು ಇರಲಿಲ್ಲ ಎಂಬ ವರದಿಗಳನ್ನು ಕಾಪಾಡಿಟ್ಟವರೂ ಮುಸ್ಲಿಂ ವಿದ್ವಾಂಸರೇ.

ವಿಷಯ ಅಲ್ಲಿಗೂ ಮುಗಿಯಲಿಲ್ಲ. ಆರಂಭದ ಅರಬ್ಬಿ ಲಿಪಿಯಲ್ಲಿ ಅಕ್ಷರಗಳ ಮೇಲಿನ ಚುಕ್ಕಿಗಳೂ ಸ್ವರಚಿಹ್ನೆಗಳೂ ಅಪರೂಪವಾಗಿದ್ದವು. ಹಾಗಾಗಿ ಒಂದೇ ಬರಹವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಓದಲು ಅವಕಾಶವಿತ್ತು. 936ರಲ್ಲಿ ತೀರಿಕೊಂಡ ಬಗ್ದಾದಿನ ಇಬ್ನ್ ಮುಜಾಹಿದ್ ಏಳು ಪಠಣ ಪರಂಪರೆಗಳನ್ನು ಮಾನ್ಯ ಮಾಡಿದರು. ಇಂದು ಜಗತ್ತಿನ ಬಹುಭಾಗ ಓದುವುದು ಹಫ್ಸ್ ಪರಂಪರೆಯ ಪಾಠವನ್ನು. 1924ರಲ್ಲಿ ಕೈರೋದಲ್ಲಿ ಮುದ್ರಣಗೊಂಡ ಆವೃತ್ತಿ ಅದಕ್ಕೆ ದೊಡ್ಡ ಬಲ ನೀಡಿತು. ಉತ್ತರ ಆಫ್ರಿಕಾದಲ್ಲಿ ವರ್ಶ್ ಪರಂಪರೆ ಈಗಲೂ ಜೀವಂತವಾಗಿದೆ.

1972ರಲ್ಲಿ ಯೆಮನ್‌ನ ಸನಾ ನಗರದ ಮಹಾಮಸೀದಿಯ ದುರಸ್ತಿಯ ವೇಳೆ ಹಳೆಯ ಹಸ್ತಪ್ರತಿಗಳ ರಾಶಿಯೊಂದು ಸಿಕ್ಕಿತು. ಅದರಲ್ಲಿ ಒಮ್ಮೆ ಬರೆದು, ಅಳಿಸಿ, ಮತ್ತೆ ಬರೆದ ಚರ್ಮದ ಹಾಳೆಗಳಿದ್ದವು. ಮೇಲಿನ ಬರಹ ಉಸ್ಮಾನರ ಪಾಠದಂತೆಯೇ ಇದೆ. ಅಳಿಸಿದ ಕೆಳಗಿನ ಬರಹದಲ್ಲಿ ಕೆಲವು ಪದಗಳು ಬೇರೆ, ಅಧ್ಯಾಯಗಳ ಕ್ರಮವೂ ಬೇರೆ. 'ಚುಕ್ಕಿಯೂ ಬದಲಾಗಿಲ್ಲ' ಎಂಬ ಮಾತನ್ನಷ್ಟೇ ಕೇಳಿ ಬೆಳೆದವರಿಗೆ ಇದು ಸಿಡಿಲಿನಂತೆ ಎರಗಿತು. ಉಸ್ಮಾನರ ಪ್ರತಿಗೆ ಮೊದಲು ಬೇರೆ ಪ್ರತಿಗಳಿದ್ದವು ಎಂದು ತಮ್ಮದೇ ಗ್ರಂಥಗಳಲ್ಲಿ ಓದಿದ್ದ ವಿದ್ವಾಂಸರಿಗೆ ಇದರಲ್ಲಿ ಬೆಚ್ಚಿಬೀಳುವಂಥದ್ದೇನೂ ಇರಲಿಲ್ಲ.

ಪೆಟ್ಟು ತಿಂದದ್ದು ಒಂದೇ ಪಕ್ಷವೂ ಅಲ್ಲ. ಕುರಾನ್ ಅಂತಿಮ ರೂಪ ಪಡೆಯಲು ಪ್ರವಾದಿಯ ಕಾಲದಿಂದ ಒಂದೂವರೆ ಶತಮಾನಕ್ಕೂ ಹೆಚ್ಚು ಹಿಡಿಯಿತು ಎಂದು 1977ರಲ್ಲಿ ಇತಿಹಾಸಕಾರ ಜಾನ್ ವಾನ್ಸ್‌ಬರೋ ವಾದಿಸಿದ್ದರು. ಅದನ್ನೇ ನೆಚ್ಚಿ ಕುರಾನ್ ಒಂದು ತಡವಾದ ಕಟ್ಟುಕಥೆ ಎಂದು ಸಾರುತ್ತಿದ್ದವರು ಆಮೇಲೆ ಈ ಹಳೆಯ ಹಸ್ತಪ್ರತಿಗಳನ್ನು ಎದುರಿಸಬೇಕಾಯಿತು. ಆ ವಾದವನ್ನು ಇಂದು ಹಾಗೆಯೇ ಒಪ್ಪುವವರು ಬಹಳ ಕಡಿಮೆ.

ನಡುವೆ ಇರುವ ಕಂದಕ

ಕುರಾನ್‌ನ ಪ್ರತಿಯೊಂದು ಅಕ್ಷರವೂ ಹಾಗೆಯೇ ಉಳಿದಿದೆ ಎಂದು ಇಟ್ಟುಕೊಳ್ಳೋಣ. ಆಗ ಸಾಬೀತಾಗುವುದು ಲಿಪಿಕಾರರ ಮತ್ತು ಕಂಠಪಾಠ ಮಾಡಿದವರ ನಿಷ್ಠೆ. ಪ್ರವಾದಿ ಏನನ್ನು ಪಠಿಸಿದರೋ ಅದೇ ನಮಗೂ ತಲುಪಿದೆ ಎನ್ನಬಹುದು. ಅವರಿಗೆ ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಆಗಲೂ ಹಾಗೆಯೇ ನಿಂತಿರುತ್ತದೆ. ಋಗ್ವೇದ ಬರಹದ ಹಂಗಿಲ್ಲದೆ ಬಾಯಿಂದ ಬಾಯಿಗೆ ಸುಮಾರು ಮೂರು ಸಾವಿರ ವರ್ಷ ಅಚ್ಚರಿಯ ನಿಖರತೆಯಿಂದ ಹರಿದುಬಂದಿದೆ. ಅದಕ್ಕಾಗಿಯೇ ಅದನ್ನು ದೈವಿಕವೆಂದು ಒಪ್ಪಲು ಯಾವ ಮುಸ್ಲಿಮನೂ ಸಿದ್ಧನಿರುವುದಿಲ್ಲ, ಸಿದ್ಧನಿರಬೇಕಾಗಿಯೂ ಇಲ್ಲ. ಸಂರಕ್ಷಣೆ ಬೇರೆ, ಮೂಲ ಬೇರೆ.

ಇದೇ ತರ್ಕ ಎದುರು ಪಕ್ಷಕ್ಕೂ ಅನ್ವಯಿಸುತ್ತದೆ. ಪಾಠಾಂತರಗಳು ಸಿಕ್ಕರೆ ಮನುಷ್ಯರ ಕೈ ಮತ್ತು ನೆನಪು ಈ ಗ್ರಂಥವನ್ನು ಹೊತ್ತು ತಂದವು ಎಂಬುದಷ್ಟೇ ತಿಳಿಯುತ್ತದೆ. ದೇವರು ಮಾತನಾಡಿದನೇ ಇಲ್ಲವೇ ಎಂಬುದನ್ನು ಪಾಠಾಂತರ ತೀರ್ಮಾನಿಸಲಾರದು. ಅವನ ಮಾತು ಹೀಗೆಯೇ ತಲುಪಬೇಕು, ಒಂದು ಪದವೂ ಅತ್ತಿತ್ತ ಆಗಬಾರದು ಎಂದು ಮೊದಲೇ ಷರತ್ತು ಹಾಕಿಕೊಂಡವರಿಗೆ ಮಾತ್ರ ಅದು ನಿರಾಕರಣೆಯ ಪುರಾವೆಯಾಗುತ್ತದೆ.

'ಇಂಥದೊಂದು ಅಧ್ಯಾಯ ತನ್ನಿ'

ಹಾಗಾದರೆ ಕುರಾನ್ ತನ್ನ ಪರವಾಗಿ ಯಾವ ಸಾಕ್ಷ್ಯವನ್ನು ಮುಂದಿಡುತ್ತದೆ? ಕುರುಡಾಗಿ ನಂಬಿ ಎಂದು ಅದು ಹೇಳುವುದಿಲ್ಲ. ಸಂಶಯವಿದ್ದರೆ ಇಂಥದೊಂದು ಅಧ್ಯಾಯ ರಚಿಸಿ ತನ್ನಿ ಎಂದು ಎರಡನೆಯ ಅಧ್ಯಾಯದ 23ನೆಯ ಸೂಕ್ತ ಸವಾಲು ಹಾಕುತ್ತದೆ. ಇದು ದೇವರಲ್ಲದವರಿಂದ ಬಂದಿದ್ದರೆ ಇದರಲ್ಲಿ ಬಹಳಷ್ಟು ವಿರೋಧಾಭಾಸ ಕಾಣುತ್ತಿತ್ತು ಎಂದು ನಾಲ್ಕನೆಯ ಅಧ್ಯಾಯದ 82ನೆಯ ಸೂಕ್ತ ಹೇಳುತ್ತದೆ. ಇವು ಆಲೋಚನೆಗೆ ಕರೆಯುವ ಮಾತುಗಳು.

ಈ ಸವಾಲಿನ ಸುತ್ತ ಇಸ್ಲಾಮಿನ ಒಳಗೆ ಬೆಳೆದ ಚರ್ಚೆ ಬಹಳ ಸೂಕ್ಷ್ಮವಾದದ್ದು. ಒಂಬತ್ತನೆಯ ಶತಮಾನದ ಅಲ್-ನಝ್ಝಾಮ್ ಎಂಬ ಚಿಂತಕ, ಅನುಕರಣೆ ಭಾಷೆಯ ದೃಷ್ಟಿಯಿಂದ ಅಸಾಧ್ಯವೇನಲ್ಲ, ದೇವರೇ ಜನರನ್ನು ಆ ಪ್ರಯತ್ನದಿಂದ ದೂರ ತಿರುಗಿಸಿದ ಎಂದ. ಬಹುಮಂದಿ ಇದನ್ನು ಒಪ್ಪಲಿಲ್ಲ. 1013ರಲ್ಲಿ ನಿಧನರಾದ ಅಲ್-ಬಾಕಿಲ್ಲಾನಿ ಅರಬ್ಬಿಯ ಅತ್ಯಂತ ಖ್ಯಾತ ಕವಿ ಇಮ್ರುಲ್ ಕೈಸ್‌ನ ಪದ್ಯವನ್ನೇ ಎತ್ತಿಕೊಂಡು, ಅದರ ಕೊರತೆಗಳನ್ನು ಸಾಲುಸಾಲಾಗಿ ತೋರಿಸಿ, ಕುರಾನ್ ಆ ಮಟ್ಟವನ್ನು ಹೇಗೆ ಮೀರುತ್ತದೆ ಎಂದು ವಾದಿಸಿದರು. ಅದೇ ಶತಮಾನದ ಅಬ್ದುಲ್ ಕಾಹಿರ್ ಅಲ್-ಜುರ್ಜಾನಿ ಇನ್ನೂ ಆಳಕ್ಕೆ ಹೋಗಿ, ಶ್ರೇಷ್ಠತೆ ಬಿಡಿ ಪದಗಳಲ್ಲಿಲ್ಲ, ಪದಗಳು ಒಂದಕ್ಕೊಂದು ಹೆಣೆದುಕೊಳ್ಳುವ ರೀತಿಯಲ್ಲಿದೆ ಎಂದು ವಿವರಿಸಿದರು. ಕಾವ್ಯಮೀಮಾಂಸೆಯಲ್ಲಿ ಆಸಕ್ತಿಯಿರುವ ಯಾರೇ ಆದರೂ ಓದಬೇಕಾದ ಚಿಂತನೆ ಅದು, ನಂಬಿಕೆಯ ಮಾತು ಹಾಗಿರಲಿ.

ತೊಡಕು ಇರುವುದು ತೀರ್ಪುಗಾರರ ವಿಷಯದಲ್ಲಿ. ಸಮಾನವಾದ ರಚನೆ ಎಂದರೆ ಯಾವುದು, ಅದನ್ನು ನಿರ್ಧರಿಸುವವರು ಯಾರು? ಕುರಾನ್‌ನ ಲಯದಲ್ಲೇ ಮನಸ್ಸು ಹದಗೊಂಡವರಿಗೆ ಬೇರೆ ಯಾವುದೂ ಅದಕ್ಕೆ ಸಾಟಿಯಾಗಿ ಕೇಳಿಸದು. ಹೊರಗಿನವರಿಗೆ ಆ ಅನುಭವ ಇರುವುದಿಲ್ಲ. ಜಗತ್ತಿನ ಹೆಚ್ಚಿನ ಮುಸ್ಲಿಮರ ಮಾತೃಭಾಷೆ ಅರಬ್ಬಿಯೂ ಅಲ್ಲ. ಅವರು ಈ ಅನನ್ಯತೆಯನ್ನು ತಿಳಿಯುವುದು ಹೇಗೆ? ಭಾಷೆಯಲ್ಲಿ ನಿಷ್ಣಾತರಾಗಿದ್ದ, ಎದುರಿಸಲು ಎಲ್ಲ ಕಾರಣಗಳೂ ಇದ್ದ ಅಂದಿನ ಅರಬರೇ ಸೋತರು ಎಂಬ ಸಂಗತಿಯಿಂದ ಉಳಿದವರು ತರ್ಕದಿಂದ ಊಹಿಸಿ ತಿಳಿಯಬಹುದು ಎಂಬುದು ಬಾಕಿಲ್ಲಾನಿಯವರ ಉತ್ತರ. ಪ್ರಾಮಾಣಿಕ ಉತ್ತರವೇ. ಆದರೆ ಅಲ್ಲಿಗೆ ಪುರಾವೆಯ ಸ್ವರೂಪವೇ ಬದಲಾಯಿತು: ಸ್ವತಃ ಕೇಳಿ ಅರಿಯುವುದರ ಬದಲು, ಅರಿತವರ ಮಾತಿನ ಮೇಲೆ ವಿಶ್ವಾಸ ಇಡಬೇಕಾಯಿತು.

ವಿಜ್ಞಾನದ ಆಸರೆ

ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ದಾರಿ ತೆರೆಯಿತು. 1976ರಲ್ಲಿ ಫ್ರೆಂಚ್ ವೈದ್ಯ ಮಾರಿಸ್ ಬುಕೈ ಕುರಾನ್ ಮತ್ತು ಆಧುನಿಕ ವಿಜ್ಞಾನದ ಹೊಂದಾಣಿಕೆಯ ಬಗ್ಗೆ ಬರೆದ ಪುಸ್ತಕ ಅನೇಕ ಭಾಷೆಗಳಿಗೆ ಹೋಯಿತು. ಭ್ರೂಣದ ಬೆಳವಣಿಗೆ, ವಿಶ್ವದ ಉಗಮ, ಪರ್ವತಗಳ ಬೇರು, ಸಮುದ್ರದಾಳದ ಕತ್ತಲೆ ಎಲ್ಲವೂ ಹದಿನಾಲ್ಕು ಶತಮಾನಗಳ ಹಿಂದೆಯೇ ಹೇಳಲ್ಪಟ್ಟಿದ್ದವು ಎಂಬ ವಾದ ಇಂದು ಅತ್ಯಂತ ಜನಪ್ರಿಯವಾಗಿದೆ.

ಈ ವಾದದ ಎಲುಬು ಭಾರತೀಯ ತರ್ಕಶಾಸ್ತ್ರಕ್ಕೆ ಚೆನ್ನಾಗಿ ಪರಿಚಿತ. ವೇದ ಪ್ರಮಾಣ ಏಕೆ ಎಂಬ ಪ್ರಶ್ನೆಗೆ ನ್ಯಾಯ ದರ್ಶನದ ಮೂಲಗ್ರಂಥ ನ್ಯಾಯಸೂತ್ರ ಕೊಡುವ ಉತ್ತರ ಹೀಗಿದೆ: ಆಯುರ್ವೇದದ ಮಾತುಗಳನ್ನು ಪರೀಕ್ಷಿಸಬಹುದು, ಅವು ಫಲ ಕೊಡುತ್ತವೆ, ಅಂಥ ಆಪ್ತರ, ಅಂದರೆ ನಂಬಲರ್ಹರ, ಮಾತನ್ನು ಪರೀಕ್ಷಿಸಲಾಗದ ವಿಷಯಗಳಲ್ಲೂ ನಂಬಬಹುದು. ಕುರಾನ್‌ನಲ್ಲಿ ವಿಜ್ಞಾನ ಕಾಣುವವರ ಹಾದಿಯೂ ಇದೇ. ಪರೀಕ್ಷಿಸಬಹುದಾದ ಮಾತು ನಿಜವಾಯಿತು, ಆದ್ದರಿಂದ ಪರಲೋಕದ ಮಾತೂ ನಿಜ.

ಇಲ್ಲಿ ಒಂದು ಅಪಾಯ ಅಡಗಿದೆ. ಪರೀಕ್ಷಿಸಬಹುದಾದ ಒಂದು ಮಾತು ಹುಸಿಯಾದರೆ ಅದೇ ತರ್ಕ ಪರಲೋಕದ ಮಾತನ್ನೂ ತನ್ನೊಂದಿಗೆ ಎಳೆದುಕೊಂಡು ಬೀಳುತ್ತದೆ. ಜೊತೆಗೆ, ಹೊಂದಾಣಿಕೆ ಕಾಣುವುದು ಯಾವಾಗಲೂ ವಿಜ್ಞಾನ ಕಂಡುಹಿಡಿದ ಮೇಲೆ. ಇಪ್ಪತ್ತಮೂರನೆಯ ಅಧ್ಯಾಯದ ಭ್ರೂಣದ ಸೂಕ್ತಗಳನ್ನೇ ನೋಡಿ. ಹನಿ, ಅಂಟಿಕೊಂಡ ವಸ್ತು, ಮಾಂಸದ ಮುದ್ದೆ, ಎಲುಬು, ಎಲುಬಿಗೆ ಹೊದಿಸಿದ ಮಾಂಸ ಎಂಬ ಕ್ರಮ ಅಲ್ಲಿದೆ. ಹದಿನಾಲ್ಕನೆಯ ಶತಮಾನದ ಡಮಾಸ್ಕಸ್‌ನ ವಿದ್ವಾಂಸ ಇಬ್ನುಲ್ ಕಯ್ಯಿಮ್ ಈ ಮಾತುಗಳನ್ನು ತಮ್ಮ ಕಾಲದ ಗ್ರೀಕ್ ವೈದ್ಯದೊಂದಿಗೆ, ಹಿಪ್ಪೊಕ್ರೇಟಸ್‌ನ ವಿವರಣೆಯೊಂದಿಗೆ ಹೊಂದಿಸಿ ಓದಿದರು. ಇಂದಿನ ಲೇಖಕರು ಅವೇ ಮಾತುಗಳನ್ನು ಸೂಕ್ಷ್ಮದರ್ಶಕದ ಚಿತ್ರಗಳೊಂದಿಗೆ ಹೊಂದಿಸುತ್ತಾರೆ. ಎರಡು ಭಿನ್ನ ವೈದ್ಯಶಾಸ್ತ್ರಗಳಿಗೆ ಒಂದೇ ಸಾಲು ಹೊಂದುತ್ತದೆ ಎಂದರೆ ಆ ಸಾಲು ವೈದ್ಯಶಾಸ್ತ್ರದ ಹೇಳಿಕೆಯಾಗಿ ಬಂದಿಲ್ಲ ಎಂದೇ ಅರ್ಥ. ಮನುಷ್ಯ ಎಷ್ಟು ಅಲ್ಪವಾದದ್ದರಿಂದ ಹುಟ್ಟಿ ಬಂದ ಎಂದು ನೆನಪಿಸುವುದು, ಅಷ್ಟರಿಂದ ಅವನನ್ನು ಸೃಷ್ಟಿಸಿದವನು ಮರಳಿ ಎಬ್ಬಿಸಲಾರನೇ ಎಂದು ಕೇಳುವುದು ಅಲ್ಲಿನ ಉದ್ದೇಶ. 1388ರಲ್ಲಿ ತೀರಿಕೊಂಡ ಗ್ರನಾಡಾದ ಅಲ್-ಶಾತಿಬಿ, ಕುರಾನ್‌ನೊಳಗೆ ಎಲ್ಲ ಶಾಸ್ತ್ರಗಳನ್ನೂ ಹುಡುಕುವ ಚಟವನ್ನು ಆಗಲೇ ಟೀಕಿಸಿದ್ದರು.

ಹತ್ತೊಂಬತ್ತರ ಲೆಕ್ಕ

ಪುರಾವೆಯ ಹಸಿವು ಎಲ್ಲಿಗೆ ಕರೆದೊಯ್ಯಬಲ್ಲದು ಎಂಬುದಕ್ಕೆ ರಶಾದ್ ಖಲೀಫಾ ಅವರ ಪ್ರಸಂಗಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಈ ಜೀವರಸಾಯನ ವಿಜ್ಞಾನಿ, ಎಪ್ಪತ್ತರ ದಶಕದಲ್ಲಿ ಕಂಪ್ಯೂಟರ್ ಬಳಸಿ ಕುರಾನ್‌ನ ಅಕ್ಷರ, ಪದಗಳನ್ನು ಎಣಿಸಿ, ಎಲ್ಲವೂ 19ರ ಗುಣಕಗಳಲ್ಲಿವೆ, ಮನುಷ್ಯರಿಂದ ಇಂಥ ರಚನೆ ಅಸಾಧ್ಯ ಎಂದು ಘೋಷಿಸಿದರು. ಅಧ್ಯಾಯಗಳು 114, ಅಂದರೆ 19ರ ಆರು ಪಟ್ಟು. ಆರಂಭದಲ್ಲಿ ಅನೇಕ ಮುಸ್ಲಿಮರು ಇದನ್ನು ಸಂತೋಷದಿಂದ ಸ್ವಾಗತಿಸಿದರು. ಗಣಿತದ ಪುರಾವೆಗಿಂತ ಗಟ್ಟಿ ಪುರಾವೆ ಯಾವುದಿದೆ?

ಆದರೆ ಕೆಲವು ಎಣಿಕೆಗಳು ಹೊಂದಲಿಲ್ಲ. ಆಗ ಖಲೀಫಾ ತಮ್ಮ ಲೆಕ್ಕವನ್ನು ಬಿಡಲಿಲ್ಲ; ಒಂಬತ್ತನೆಯ ಅಧ್ಯಾಯದ ಕೊನೆಯ ಎರಡು ಸೂಕ್ತಗಳು ಮೂಲ ಕುರಾನ್‌ನವಲ್ಲ, ನಂತರ ಸೇರಿಸಿದವು ಎಂದರು. ಗ್ರಂಥ ದೈವಿಕವೆಂದು ತೋರಿಸಲು ಹೊರಟ ಪುರಾವೆ ಕೊನೆಗೆ ಗ್ರಂಥಕ್ಕೇ ಕತ್ತರಿ ಹಾಕಿತು. ತಾವು ದೇವರ ಸಂದೇಶವಾಹಕ ಎಂದೂ ಅವರು ಹೇಳಿಕೊಂಡರು. 1990ರ ಜನವರಿಯಲ್ಲಿ ಟೂಸಾನ್ ನಗರದಲ್ಲಿ ಅವರ ಕೊಲೆಯಾಯಿತು. ಯಾರು ಏನನ್ನೇ ಪ್ರತಿಪಾದಿಸಿರಲಿ, ಅದಕ್ಕೆ ಉತ್ತರ ಕೊಲೆಯಲ್ಲ. ಆ ಕ್ರೌರ್ಯವನ್ನು ಖಂಡಿಸುತ್ತಲೇ ಈ ಪ್ರಸಂಗದ ತರ್ಕವನ್ನೂ ಗಮನಿಸಬೇಕು: ಪುರಾವೆಯನ್ನು ಗ್ರಂಥಕ್ಕಿಂತ ಮೇಲೆ ಕೂರಿಸಿದ ಕ್ಷಣದಿಂದ, ಗ್ರಂಥದಲ್ಲಿ ಏನಿರಬೇಕು ಎಂಬುದನ್ನು ಪುರಾವೆಯೇ ನಿರ್ಧರಿಸತೊಡಗುತ್ತದೆ.

ಘಝಾಲಿ ಹೇಳಿದ್ದು

ಈ ಬಿಕ್ಕಟ್ಟನ್ನು ಒಂಬೈನೂರು ವರ್ಷಗಳ ಹಿಂದೆಯೇ ಕಂಡವರು ಇಮಾಮ್ ಘಝಾಲಿ (1058–1111). ಬಗ್ದಾದಿನ ಅತ್ಯುನ್ನತ ಅಧ್ಯಾಪಕ ಪೀಠದಲ್ಲಿದ್ದ ಅವರು ಇಂದ್ರಿಯಗಳನ್ನೂ ತರ್ಕವನ್ನೂ ನಂಬಲಾರದ ಸಂಶಯಕ್ಕೆ ಸಿಲುಕಿದರು. ಅದರಿಂದ ತಮ್ಮನ್ನು ಹೊರತಂದದ್ದು ಜೋಡಿಸಿಟ್ಟ ವಾದಗಳಲ್ಲ, ದೇವರು ಎದೆಯೊಳಗೆ ಹಾಕಿದ ಬೆಳಕು ಎಂದು ಆತ್ಮಕಥನದಲ್ಲಿ ಬರೆದಿದ್ದಾರೆ. ಪ್ರವಾದಿತ್ವದ ಬಗ್ಗೆ ಖಚಿತತೆಯನ್ನು ಕೋಲು ಹಾವಾದದ್ದು, ಚಂದ್ರ ಸೀಳಿದ್ದು ಮುಂತಾದ ಪವಾಡಗಳಲ್ಲಿ ಮಾತ್ರ ಹುಡುಕಬೇಡಿ ಎಂಬುದು ಅವರ ಸಲಹೆ. ಪವಾಡವನ್ನಷ್ಟೇ ನೆಚ್ಚಿದವನಿಗೆ ಅದು ಮಾಟವಿರಬಹುದೇ ಎಂಬ ಅನುಮಾನ ಎಂದಾದರೂ ಬಂದೇ ಬರುತ್ತದೆ. ವೈದ್ಯಶಾಸ್ತ್ರ ಕಲಿತವನು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನ ಗ್ರಂಥ ಓದಿ ಇವನು ವೈದ್ಯ ಎಂದು ಗುರುತಿಸುವ ಹಾಗೆ, ಪ್ರವಾದಿಯ ಬೋಧನೆಯನ್ನು ಬಾಳಿ ನೋಡಿದವನು ಪ್ರವಾದಿಯನ್ನು ಗುರುತಿಸುತ್ತಾನೆ ಎಂದು ಅವರು ಹೇಳುತ್ತಾರೆ.

ಇದು ಪುರಾವೆಯ ನಿರಾಕರಣೆಯಲ್ಲ, ಪುರಾವೆಯ ಸ್ಥಳಾಂತರ. ಘಝಾಲಿಯ ಟೀಕಾಕಾರ ಇಬ್ನ್ ರುಶ್ದ್ (1126–1198) ತರ್ಕದ ಪಕ್ಷ ಹಿಡಿದವರು. ಸತ್ಯ ಸತ್ಯವನ್ನು ವಿರೋಧಿಸದು, ಪ್ರಮಾಣದಿಂದ ಸಿದ್ಧವಾದದ್ದಕ್ಕೂ ಗ್ರಂಥದ ಮೇಲರ್ಥಕ್ಕೂ ಘರ್ಷಣೆ ಬಂದರೆ ಗ್ರಂಥವನ್ನು ಬೇರೆ ಬಗೆಯಲ್ಲಿ ಅರ್ಥೈಸಬೇಕು ಎಂದರು. ಇಷ್ಟು ದೂರದ ಇಬ್ಬರೂ ಶ್ರದ್ಧಾವಂತ ಮುಸ್ಲಿಮರು ಎಂಬುದನ್ನು ಇಂದಿನ ವಾಗ್ವಾದಗಳು ಮರೆತಂತಿವೆ.

ನಂಬಿಕೆಯ ಮುಂದಿರುವ ಕಠಿಣ ಪ್ರಶ್ನೆ

ಹಾಗೆಂದು ನಂಬಿಕೆಯ ದಾರಿ ಸಲೀಸಾದದ್ದಲ್ಲ. ಸಾಕಷ್ಟು ಆಧಾರವಿಲ್ಲದೆ ಏನನ್ನಾದರೂ ನಂಬುವುದು ನೈತಿಕವಾಗಿಯೇ ತಪ್ಪು ಎಂದು 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ ವಾದಿಸಿದರು. ಸಾಕ್ಷ್ಯ ಎರಡೂ ಕಡೆ ಸಾಲದಿರುವಾಗ, ಆಯ್ಕೆ ಮುಂದೂಡಲಾಗದಷ್ಟು ಮುಖ್ಯವಾಗಿರುವಾಗ, ನಂಬುವ ಹಕ್ಕು ಮನುಷ್ಯನಿಗಿದೆ ಎಂದು 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಉತ್ತರಿಸಿದರು. ಜೇಮ್ಸ್ ಅವರ ಮಾತು ಹೆಚ್ಚು ಮಾನವೀಯ ಎಂಬುದು ನನ್ನ ಅಭಿಪ್ರಾಯ. ಆದರೂ ಅದು ಒಂದು ಪ್ರಶ್ನೆಯನ್ನು ಬಗೆಹರಿಸುವುದಿಲ್ಲ.

ಎದೆಯೊಳಗಿನ ಬೆಳಕೇ ಸಾಕ್ಷಿ ಎಂದರೆ, ಬೈಬಲನ್ನೋ ಗುರು ಗ್ರಂಥ ಸಾಹಿಬನ್ನೋ ಓದಿ ಅಂಥದೇ ಬೆಳಕು ಕಂಡೆ ಎನ್ನುವವರಿಗೆ ಏನು ಹೇಳುವುದು? ಅವರ ಅನುಭವ ಭ್ರಮೆ, ನನ್ನದು ನಿಜ ಎನ್ನಲು ಅನುಭವದ ಆಚೆಗಿನ ಆಧಾರ ಬೇಕು. ಆಧಾರ ಹುಡುಕುತ್ತ ಹೊರಟರೆ ಮತ್ತೆ ಪುರಾವೆಯ ಅಂಗಳಕ್ಕೇ ಬರಬೇಕು. ನಂಬಿಕೆಯನ್ನು ಪ್ರಾಮಾಣಿಕವಾಗಿ ಎತ್ತಿಹಿಡಿಯುವ ಯಾವ ಚಿಂತಕನೂ ಈ ಪ್ರಶ್ನೆಯಿಂದ ಪೂರ್ತಿ ಪಾರಾಗಿಲ್ಲ. ಸಂದೇಹವಾದಿಯ ಮುಂದೆಯೂ ಅಷ್ಟೇ ಕಠಿಣ ಪ್ರಶ್ನೆಯಿದೆ. ದೇವರು ಮಾತನಾಡುವುದು ಸಾಧ್ಯವೇ ಇಲ್ಲ ಎಂದು ಮೊದಲೇ ನಿಶ್ಚಯಿಸಿಕೊಂಡು ಗ್ರಂಥ ತೆರೆದವನು, ತನ್ನ ತೀರ್ಮಾನವನ್ನು ಗ್ರಂಥದ ಪರೀಕ್ಷೆಯ ಫಲಿತಾಂಶ ಎಂದು ಹೇಗೆ ಕರೆಯುತ್ತಾನೆ?

ಇದರಿಂದ ಆಗುವುದೇನು?

ಮೊದಲ ಪರಿಣಾಮ ಆಗುವುದು ಎಳೆಯರ ಮೇಲೆ. ವಿಜ್ಞಾನದ ಪವಾಡಗಳ ಮೇಲೆಯೇ ಶ್ರದ್ಧೆಯನ್ನು ಕಟ್ಟಿಕೊಂಡ ಹುಡುಗನೋ ಹುಡುಗಿಯೋ ಅವುಗಳ ಖಂಡನೆಯನ್ನು ಓದಿದಾಗ, ಕುಸಿಯುವುದು ಆ ಒಂದು ವಾದ ಮಾತ್ರವಲ್ಲ. ಪ್ರಾರ್ಥನೆ, ಉಪವಾಸ, ಮನೆಯವರೊಂದಿಗಿನ ನಂಟು ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಅಷ್ಟು ಭಾರವನ್ನು ಹೊರಲು ಆ ವಾದಕ್ಕೆ ಎಂದೂ ಶಕ್ತಿಯಿರಲಿಲ್ಲ.

ಎರಡನೆಯದು ಪರಸ್ಪರ ಗೌರವಕ್ಕೆ ಸಂಬಂಧಿಸಿದ್ದು. ದೈವಿಕತೆ ಗಣಿತದಂತೆ ರುಜುವಾತಾಗಿದೆ ಎಂದು ಹೇಳಿದರೆ, ಒಪ್ಪದವನು ಹಟಮಾರಿಯೋ ವಂಚಕನೋ ಆಗಿಬಿಡುತ್ತಾನೆ. ಸುಳ್ಳೆಂದು ರುಜುವಾತಾಗಿದೆ ಎಂದರೆ ನಂಬುವವನು ಮೂಢನಾಗುತ್ತಾನೆ. ನಿನ್ನ ಪ್ರಭು ಬಯಸಿದ್ದರೆ ಭೂಮಿಯಲ್ಲಿರುವವರೆಲ್ಲರೂ ನಂಬುತ್ತಿದ್ದರು, ಹಾಗಿರುವಾಗ ಜನರನ್ನು ನೀನು ಬಲವಂತಪಡಿಸುವೆಯಾ ಎಂದು ಹತ್ತನೆಯ ಅಧ್ಯಾಯದ 99ನೆಯ ಸೂಕ್ತ ಪ್ರವಾದಿಯನ್ನೇ ಕೇಳುತ್ತದೆ. ಒಪ್ಪದಿರುವ ಅವಕಾಶವನ್ನು ಗ್ರಂಥವೇ ಗುರುತಿಸಿದೆ ಎಂದು ನಾನು ಇದನ್ನು ಓದುತ್ತೇನೆ. ತಲೆಬಾಗದೆ ಗತ್ಯಂತರವಿಲ್ಲದಂಥ ಪುರಾವೆಯಿದ್ದಿದ್ದರೆ ಆ ಅವಕಾಶಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಮೂರನೆಯ ಪರಿಣಾಮ ವಿದ್ವತ್ತಿನ ಮೇಲೆ, ಇದು ಈಗಾಗಲೇ ಆಗಿಹೋಗಿದೆ. ಕೈರೋ ವಿಶ್ವವಿದ್ಯಾಲಯದ ನಸ್ರ್ ಹಾಮಿದ್ ಅಬೂ ಝೈದ್ ಕುರಾನನ್ನು ಭಾಷೆ ಮತ್ತು ಚರಿತ್ರೆಯ ಹಿನ್ನೆಲೆಯಲ್ಲಿ ಒಂದು ಪಠ್ಯವಾಗಿ ಅಧ್ಯಯನ ಮಾಡಿದರು. ದೇವರ ಮಾತು ಮನುಷ್ಯರ ಭಾಷೆಯಲ್ಲಿ ಬಂದ ಮೇಲೆ ಆ ಭಾಷೆಯ ಚರಿತ್ರೆಯನ್ನು ತಿಳಿಯದೆ ಅರ್ಥವಾಗದು ಎಂಬುದು ಅವರ ನಿಲುವು. ದೇವವಾಣಿಯನ್ನು ಅವರು ಅಲ್ಲಗಳೆದಿರಲಿಲ್ಲ, ತಾವು ಮುಸ್ಲಿಂ ಎಂದೇ ಕೊನೆಯವರೆಗೂ ಹೇಳಿದರು. ಆದರೂ 1995ರಲ್ಲಿ ಕೈರೋದ ಮೇಲ್ಮನವಿ ನ್ಯಾಯಾಲಯ ಅವರನ್ನು ಧರ್ಮಭ್ರಷ್ಟರೆಂದು ತೀರ್ಮಾನಿಸಿ, ಪತ್ನಿಯೊಂದಿಗಿನ ವಿವಾಹವನ್ನು ರದ್ದುಗೊಳಿಸಿತು. ಪತಿ ಪತ್ನಿ ದೇಶ ಬಿಟ್ಟು ನೆದರ್ಲೆಂಡ್ಸ್ ಸೇರಿದರು, ಅಬೂ ಝೈದ್ ಲೈಡನ್‌ನಲ್ಲಿ ಪಾಠ ಹೇಳಿದರು, 2010ರಲ್ಲಿ ಕೈರೋದಲ್ಲಿ ತೀರಿಕೊಂಡರು. ಪಠ್ಯ ಮನುಷ್ಯರನ್ನು ತಲುಪಿದ ಬಗೆಯ ಬಗ್ಗೆ ಅವರು ಕೇಳಿದ್ದ ಪ್ರಶ್ನೆಗೆ, ಪಠ್ಯದ ಮೂಲದ ಬಗ್ಗೆ ಕೇಳಿದ್ದೇನೋ ಎಂಬಂತೆ ನ್ಯಾಯಾಲಯ ತೀರ್ಪು ಕೊಟ್ಟಿತ್ತು.